ಕಪ್ಪು ಪರದೆಯ ಮುಂದೆ

ನಮ್ಮ ಮನೆಯ ಗಣಕಯಂತ್ರಕ್ಕೆ 11 ವರ್ಷ ತುಂಬಿತು. ಅದನ್ನು ನಡೆಸುತ್ತಿದ್ದ ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನದನ್ನು ಹೊರುವ ಶಕ್ತಿ ಈ ಮುದಿಯಂತ್ರಕ್ಕಿಲ್ಲ. ಹೊಸದನ್ನು ಕೊಳ್ಳೋಣವೆಂದರೆ ತಿಂಗಳ ಕೊನೆಯ ವಾರ. ಆಗ ಅಕ್ಕನ ಮಗ ಬಂದು, "ಮಾಮಾ, ಲಿನಕ್ಸ್ ಹಾಕಿಬಿಡೋಣ, ಕಾಸು ಬೇಡ," ಎಂದ. ಪೆನ್‌ಡ್ರೈವಿನಲ್ಲಿ ತಂದುದನ್ನು ಅರ್ಧ ಗಂಟೆಯಲ್ಲಿ ಸ್ಥಾಪಿಸಿ, ಕಾಫಿ ಕುಡಿದು ಹೊರಟೇಹೋದ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ 21ನೆಯ ವಯಸ್ಸಿನಲ್ಲಿ ಹವ್ಯಾಸಕ್ಕೆಂದು ಬರೆಯತೊಡಗಿದುದು ಇದರ ತಿರುಳು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಓಲೆಗರಿಯ ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿಯುವವರ ಕಥೆಗಳನ್ನು ಕೇಳಿ ಬೆಳೆದ ನನಗೆ ಈ ಔದಾರ್ಯವು ಬಹಳ ಹಿಡಿಸಿತು.

ಆದರೆ ಔದಾರ್ಯ ಬೇರೆ, ದಾಕ್ಷಿಣ್ಯ ಬೇರೆ. ಕಪ್ಪು ಪರದೆಯಲ್ಲಿ ಗುಪ್ತಪದವನ್ನು ಒತ್ತಿದರೆ ಒಂದು ಚುಕ್ಕೆಯೂ ಮೂಡದು. ಕೀಲಿಮಣೆಯೇ ಕೆಟ್ಟಿತೆಂದು ನಾನು ಅದನ್ನು ತಿರುಗಿಸಿ ಕೊಡವಿದ್ದೂ ಉಂಟು. ಎಲ್ಲಿ ನಿಂತಿದ್ದೇನೆಂದು ಕೇಳಲು 'ಪಿಡಬ್ಲ್ಯುಡಿ' ಎನ್ನಬೇಕು. (ರಸ್ತೆಯ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ, ಇದು ಕೂಡಲೇ ಉತ್ತರ ಕೊಡುತ್ತದೆ.) ಆಜ್ಞೆ ನೆರವೇರಿದರೆ ಯಂತ್ರವು ಸಾಮಾನ್ಯವಾಗಿ ಏನನ್ನೂ ನುಡಿಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ಇದಕ್ಕೆ ಬೇರೆ ಬೇರೆಯೇ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೆರೆಸಿ ಬರೆದ ಹುಡುಗರ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸುತ್ತಿದ್ದ ನಾನು ಇಲ್ಲಿ ಸಿಕ್ಕಿಬಿದ್ದೆ.

ಕನ್ನಡ ಬೆರಳಚ್ಚು ರೂಢಿಯಾಗಲೆಂದು, ಅಮ್ಮ ಹೇಳುತ್ತಿದ್ದ ಹಸೆಯ ಹಾಡುಗಳನ್ನು ದಿನಕ್ಕೊಂದರಂತೆ ಬರೆದುಕೊಳ್ಳುತ್ತಿದ್ದೆ; 22 ಆಗಿದ್ದವು. ಅವುಗಳನ್ನಿಟ್ಟ ಕೋಶದ ಹೆಸರು ಇಂಗ್ಲಿಷ್ ಲಿಪಿಯಲ್ಲಿ 'ಹಾಡು', ಮೊದಲಕ್ಷರ ದೊಡ್ಡದು. ಕೈತಪ್ಪಿ ಅದೇ ಹೆಸರಿನ ಇನ್ನೊಂದು ಹುಟ್ಟಿಕೊಂಡಿತ್ತು. ಅದರ ಮೊದಲಕ್ಷರ ಚಿಕ್ಕದು, ಒಳಗೆ ಏನೂ ಇಲ್ಲ. ಒಂದು ಭಾನುವಾರ, ಪಾಂಡಿತ್ಯದ ಹುಮ್ಮಸ್ಸಿನಲ್ಲಿ, ಬರಿದಾದುದನ್ನು ಅಳಿಸಹೊರಟೆ. 'ಆರ್‌ಎಂ' ಎಂದು ಬರೆದು, ಒಳಗಿರುವುದೆಲ್ಲ ಹೋಗಲಿ ಎಂಬ ಸೂಚನೆಯನ್ನೂ ಕೂಡಿಸಿ, ಹೆಸರನ್ನು ಒತ್ತಿದೆ. ಯಂತ್ರವು ಎಂದಿನಂತೆ ಏನನ್ನೂ ನುಡಿಯಲಿಲ್ಲ. ನಾನು ಒತ್ತಿದ್ದು ದೊಡ್ಡಕ್ಷರ.

ಹಾಗೆ ಅಳಿಸಿದುದು ಕಸದ ಬುಟ್ಟಿಗೂ ಹೋಗದು. ದೂರವಾಣಿಯಲ್ಲಿ ಅಕ್ಕನ ಮಗ, "ಖಾಲಿ ಕೋಶಕ್ಕೆ 'ಆರ್‌ಎಂಡಿಐಆರ್' ಅಂತ ಬೇರೇನೇ ಇದೆ ಮಾಮಾ. ಒಳಗೆ ಏನಾದರೂ ಇದ್ದರೆ ಅದು ತೆಗೆಯೋದೇ ಇಲ್ಲ. ಇನ್ನೊಂದು ಪ್ರತಿ ಇಟ್ಟಿದ್ದೀರಲ್ಲ?" ಎಂದ. ಇಟ್ಟಿರಲಿಲ್ಲ.

ಅಮ್ಮನಿಗೆ ಹೇಳಲು ಎರಡು ದಿನ ಹಿಡಿಯಿತು. "ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯೋ, ಮತ್ತೆ ಹೇಳಿದರಾಯಿತು," ಎಂದು ಅವಳು ಅಂದೇ ಸಂಜೆ ಕುಳಿತಳು. ಕೆಲವು ಹಾಡುಗಳು ಮೊದಲಿನಂತೆಯೇ ಬಂದವು; ಕೆಲವಕ್ಕೆ ನುಡಿಗಳೇ ಬೇರೆಯಾದವು. ಹೀಗೆ 19 ದೊರೆತಿವೆ, ಪೆನ್‌ಡ್ರೈವಿನಲ್ಲಿಯೂ ಒಂದು ಪ್ರತಿ ಇದೆ. ಉಳಿದ ಮೂರರಲ್ಲಿ ಒಂದರ ಮೊದಲ ಸಾಲಷ್ಟೇ ಅವಳಿಗೆ ನೆನಪು. ಒಗ್ಗರಣೆ ಹಾಕುತ್ತ ಅವಳು ಏನಾದರೂ ಗುನುಗಿದರೆ, ನಾನು ಕಾಗದ ಪೆನ್ಸಿಲು ಹಿಡಿದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.