ಒಂದೇ ಸಾವಿಗೆ ಎರಡು ಬೆಲೆಯೇ?

ಮುಷ್ಕರದ ದಿನ ಗಿರಣಿಯ ಬಾಗಿಲಲ್ಲಿ ನಮ್ಮ ಬೆನ್ನ ಮೇಲೆ ಲಾಠಿ ಆಡಿಸುವವರ ಹೆಂಡಿರು ಮಕ್ಕಳಿಗಾಗಿ ನಮ್ಮ ಪತ್ರಿಕೆ ಏಕೆ ವಾದಿಸಬೇಕೆಂದು ಕೆಲವು ಸಂಗಾತಿಗಳು ಕೇಳಿಯಾರು. ಲಾಠಿ ಬೀಸೆಂದು ಅಪ್ಪಣೆ ಕೊಡುವವನು ಬೇರೆ, ಅದನ್ನು ಹಿಡಿಯುವವನು ಬೇರೆ. ಖಾಕಿಯೊಳಗಿರುವವನು ಬಹುಮಟ್ಟಿಗೆ ರೈತನ, ಕೂಲಿಕಾರನ ಮಗ. ಅವನು ಸತ್ತರೆ ನಮ್ಮ ಮನೆಯ ಒಲೆಯಂತೆಯೇ ಅವನ ಮನೆಯ ಒಲೆಯೂ ಆರುತ್ತದೆ.

1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀ ಸೈನಿಕರ ಗುಂಡಿಗೆ 10 ಮಂದಿ ಪೊಲೀಸರು ಬಲಿಯಾದರು. ಅವರ ನೆನಪಿಗೆ ಪ್ರತಿವರ್ಷ ಆ ದಿನ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ. ಗೌರವ ಸಲ್ಲಲಿ, ಬೇಡವೆನ್ನುವವರಾರು? ಆದರೆ ಸತ್ತವನ ಮನೆಗೆ ಸಲ್ಲಬೇಕಾದುದರಲ್ಲಿ ಸರ್ಕಾರ ಎರಡು ಪಂಕ್ತಿ ಹಾಕಿದೆ.

ನಮ್ಮ ಊರಿನ ಚೌಕದಲ್ಲಿ ಪೇದೆಯೊಬ್ಬ, ಗೃಹರಕ್ಷಕನೊಬ್ಬ ಅಕ್ಕಪಕ್ಕ ನಿಂತಿರುತ್ತಾರೆ. ಬಿಸಿಲೂ ಒಂದೇ, ಕೆಲಸವೂ ಒಂದೇ. ಲಾರಿಯೊಂದು ನುಗ್ಗಿ ಇಬ್ಬರೂ ಸತ್ತರೆನ್ನಿ. ಪೇದೆಯ ವಿಧವೆಗೆ ನಿಯಮದಂತೆ ಕುಟುಂಬ ಪಿಂಚಣಿ ಉಂಟು. 1996ರ ನಿಯಮಗಳಡಿ ಒಂದು ವರ್ಷದೊಳಗೆ ಅರ್ಜಿ ಹಾಕಿ ಅನುಕಂಪದ ನೌಕರಿ ಕೇಳಬಹುದು. ಗೃಹರಕ್ಷಕನ ವಿಧವೆಗೆ ಆ ಪಿಂಚಣಿಯೂ ಇಲ್ಲ, ಆ ನೌಕರಿಯೂ ಇಲ್ಲ. ಏಕೆಂದರೆ ಅವನು ‘ಸ್ವಯಂಸೇವಕ’!

ಬದಲಿ ಕೆಲಸಗಾರನನ್ನು ವರ್ಷಗಟ್ಟಲೆ ಬದಲಿಯಾಗಿಯೇ ದುಡಿಸುವ ಮಾಲೀಕನ ಉಪಾಯ ಗಿರಣಿಯವರಿಗೆ ಹೊಸದೇ? ಸರ್ಕಾರವೂ ಅದನ್ನೇ ಕಲಿತಿದೆ. 2015ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಗೃಹರಕ್ಷಕರನ್ನು ಕಾಯಂ ಮಾಡಲು ಆಜ್ಞಾಪಿಸಲಿಲ್ಲ. ಆದರೆ 30 ದಿನಗಳ ಭತ್ಯೆ ಪೊಲೀಸನ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದಿತು. ಬದುಕಿರುವಾಗ ಕೂಲಿ ಸಮವಾದರೆ, ಸತ್ತಾಗ ಏಕೆ ಸಮವಾಗಬಾರದು?

ಬಂಡವಾಳಶಾಹಿಯ ತವರಾದ ಅಮೆರಿಕವನ್ನೇ ನೋಡಿ. ಅಲ್ಲಿ 1976ರಲ್ಲಿ ಬಂದ ಕಾಯಿದೆಯು ಕರ್ತವ್ಯದಲ್ಲಿ ಮಡಿದ ಪೊಲೀಸರ, ಬೆಂಕಿ ಆರಿಸುವವರ ಮನೆಯವರಿಗೆ 50,000 ಡಾಲರ್ ಗೊತ್ತುಮಾಡಿತು. 2001ರಲ್ಲಿ ಅದು 2,50,000 ಆಯಿತು. ಬೆಲೆಯೇರಿಕೆಗೆ ತಕ್ಕಂತೆ ವರ್ಷ ವರ್ಷವೂ ಏರುತ್ತಿದೆ. ಸಂಬಳ ಪಡೆದವನು, ಪಡೆಯದೆ ಸೇವೆ ಮಾಡಿದವನು ಎಂಬ ಭೇದವನ್ನು ಆ ಕಾಯಿದೆ ಮಾಡುವುದಿಲ್ಲ. ಅಲ್ಲಿಯೂ ಅರ್ಜಿಗಳು ಬಹುಕಾಲ ಕೊಳೆತದ್ದುಂಟು. ಆದರೂ ಅದು ಹಕ್ಕು, ಮಂತ್ರಿಯ ದಯೆಯಲ್ಲ.

ಬೊಕ್ಕಸದಲ್ಲಿ ಹಣವೆಲ್ಲಿದೆ ಎನ್ನುವರು. 1923ರಲ್ಲಿ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಬರುವ ಮುಂಚೆ ಮಾಲೀಕರೂ ಇದನ್ನೇ ಹೇಳುತ್ತಿದ್ದರು. ಇಂದು ಇ.ಎಸ್.ಐ.ಗೆ ಸೇರಿದ ಕೆಲಸಗಾರ ಕೆಲಸದಲ್ಲಿ ಸತ್ತರೆ ಅವನ ಕೂಲಿಯ ನೂರಕ್ಕೆ 90 ಪಾಲು ಅವಲಂಬಿತರಿಗೆ ತಿಂಗಳು ತಿಂಗಳು ಸಲ್ಲಬೇಕು. ಗಿರಣಿ ಮಾಲೀಕನಿಗೆ ವಿಧಿಸಿದ ಹೊಣೆಯನ್ನು ಸರ್ಕಾರ ತಾನೇ ಹೊರಲು ಹಿಂಜರಿಯುವುದು ಯಾವ ನ್ಯಾಯ?

ವರ್ತಕ ಬಂಧುಗಳೇ, ಜಾತ್ರೆಯ ನೂಕುನುಗ್ಗಲಲ್ಲಿ ನಿಮ್ಮ ಅಂಗಡಿಯ ಮುಂದೆ ನಿಲ್ಲುವವನು ಈ ಗೃಹರಕ್ಷಕ. ನೆರೆ ಬಂದಾಗ ನೀರಿಗಿಳಿಯುವವನೂ ಅವನೇ. ಅವನ ಮಕ್ಕಳ ಅನ್ನದ ಪ್ರಶ್ನೆ ನಿಮ್ಮದೂ ಹೌದು.

ನಮ್ಮ ಬೇಡಿಕೆ ಮೂರು. ಕರ್ತವ್ಯದಲ್ಲಿ ಮಡಿದ ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ ಎಲ್ಲರ ಕುಟುಂಬಕ್ಕೂ ಒಂದೇ ಮೊತ್ತವನ್ನು ಕಾಯಿದೆಯಲ್ಲೇ ಬರೆಯಬೇಕು. ಅದು ಬೆಲೆಯೇರಿಕೆಯೊಡನೆ ಏರಬೇಕು. ವಿಧವೆ ಕಚೇರಿಯಿಂದ ಕಚೇರಿಗೆ ಅಲೆಯದೆ, ಮೂರು ತಿಂಗಳೊಳಗೆ ಹಣವೂ ಮಾಸಿಕ ಪಿಂಚಣಿಯೂ ಅವಳ ಕೈಸೇರಬೇಕು.

ಪ್ರತಿಯೊಂದು ಕಾರ್ಮಿಕ ಸಂಘವೂ ವರ್ತಕರ ಸಂಘವೂ ಈ ಠರಾವನ್ನು ಮಾಡಿ ತಮ್ಮ ಶಾಸಕರಿಗೆ ಕಳಿಸಲಿ. ಬರುವ ಅಕ್ಟೋಬರ್ 21ರಂದು ಹಾರ ಹಿಡಿದು ಬರುವ ಮಂತ್ರಿಗಳನ್ನು ಜನ ಒಂದೇ ಮಾತು ಕೇಳಲಿ: ಸ್ವಾಮಿ, ಕಾಯಿದೆ ಎಲ್ಲಿ?