ಬಯಾಪ್ಸಿ ಬಾಟಲಿಗೆ ಹೊತ್ತು ಬರೆಸಿ

ಬೆಂಗಳೂರು ಗ್ರಾಮಾಂತರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ನಾನು ರೇಷ್ಮೆಹುಳದ ಡಿಎನ್‌ಎ ತೆಗೆಯುವುದರಲ್ಲೇ ಆಯುಷ್ಯ ಕಳೆದವಳು. ನಿವೃತ್ತಿಯ ಬಳಿಕ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿದ್ದೇನೆ. ಕಳೆದ ವರ್ಷ ಎದೆಯಲ್ಲಿ ಗಂಟು ಕಂಡು, ಜಿಲ್ಲೆಯದೇ ಒಂದು ನರ್ಸಿಂಗ್ ಹೋಮಿನಲ್ಲಿ ಶುಕ್ರವಾರ ಸಂಜೆ ಬಯಾಪ್ಸಿ ಆಯಿತು. ಸೂಜಿಯಲ್ಲಿ ತೆಗೆದ ಮಾಂಸದೆಳೆಗಳನ್ನು ಹಳೇ ಟಾನಿಕ್ ಬಾಟಲಿಗೆ ಹಾಕಿ, ಮೇಲೆ ಪ್ಲಾಸ್ಟರ್ ಅಂಟಿಸಿ ನನ್ನ ಹೆಸರು ಬರೆದರು. ಹೊತ್ತಿಲ್ಲ, ತಾರೀಖಿಲ್ಲ. ಅದು ಬೆಂಗಳೂರಿನ ಲ್ಯಾಬ್ ಸೇರಿದ್ದು ಮಂಗಳವಾರ ಮಧ್ಯಾಹ್ನ.

ಕ್ಯಾನ್ಸರ್ ಎಂಬುದೇನೋ ಖಚಿತವಾಯಿತು. ಎಂಥದ್ದು ಎಂಬುದು ಆಗಲಿಲ್ಲ. ಸ್ತನ ಕ್ಯಾನ್ಸರಿಗೆ ಈಗ ಎಲ್ಲರಿಗೂ ಒಂದೇ ಮದ್ದಲ್ಲ. ಗಂಟಿನ ಕೋಶಗಳ ಮೇಲೆ ಹರ್-2 ಪ್ರೋಟೀನ್ ವಿಪರೀತ ಇದ್ದರೆ (ಐದಾರು ರೋಗಿಗಳಲ್ಲಿ ಒಬ್ಬರಿಗೆ ಹೀಗಿರುತ್ತದೆ) ಟ್ರಾಸ್ಟುಜುಮ್ಯಾಬ್ ನಾಟುತ್ತದೆ. ಇಲ್ಲದವರಿಗೆ ಅದು ದುಡ್ಡು ದಂಡ, ಹೃದಯಕ್ಕೂ ಅಪಾಯ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಮದ್ದಿನ ಬಯೋಸಿಮಿಲರನ್ನು ಬೆಂಗಳೂರಿನ ಬಯೋಕಾನ್ 2014ರಲ್ಲೇ ಮಾರುಕಟ್ಟೆಗೆ ತಂದಿದೆ. ಮದ್ದು ಕೂಗಳತೆಯಲ್ಲಿದೆ. ಕೊಡಬೇಕೋ ಬೇಡವೋ ಹೇಳಬೇಕಾದ ಮಾಂಸವೇ ಕೆಟ್ಟುಹೋಗಿತ್ತು.

ತೆಗೆದ ಒಂದು ಗಂಟೆಯೊಳಗೆ ಮಾಂಸ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ಕನಿಷ್ಠ 6, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ಬಫರ್ ಇಲ್ಲದ ಫಾರ್ಮಲಿನ್ ಇಟ್ಟಲ್ಲೇ ಹುಳಿಯಾಗಿ ಡಿಎನ್‌ಎಯನ್ನು ತುಂಡರಿಸುತ್ತದೆ. ಹರ್-2 ಪ್ರೋಟೀನ್ ಹುಡುಕುವ ಬಣ್ಣದ ಪರೀಕ್ಷೆಯಲ್ಲಿ ನನಗೆ ಬಂದದ್ದು 2+, ಅಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಜೀನ್ ಎಣಿಸುವ ಫಿಶ್ ಪರೀಕ್ಷೆಯಲ್ಲಿ ಸಿಗ್ನಲ್ಲೇ ಮೂಡಲಿಲ್ಲ. ಮತ್ತೆ ಸೂಜಿ, ಮತ್ತೆ ಬಿಲ್ಲು. ಎರಡನೇ ಸಲ ಪಾಸಿಟಿವ್.

ಮಾದರಿ ಕೆಟ್ಟಿದೆಯೆಂದು ಮೊದಲ ವರದಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿದ್ದ ಷರಾ ನನಗೆ ಓದಲು ಬಂತು, ಜಗಳವಾಡಿದೆ. ಪಕ್ಕದಲ್ಲಿದ್ದ ದೊಡ್ಡಬಳ್ಳಾಪುರದ ಮಗ್ಗದ ಕೆಲಸದಾಕೆ ತಮ್ಮ ವರದಿಯನ್ನು ಮಡಚಿ ಕವರಿಗೆ ತುರುಕಿ, “ಡಾಕ್ಟ್ರು ನೋಡ್ಕೋತಾರೆ ಬಿಡಿ” ಅಂದರು. ನಮ್ಮೂರ ಡೇರಿಯಲ್ಲಿ ಅರ್ಧ ಲೀಟರ್ ಹಾಲಿಗೂ ದಿನ, ಬೆಳಗ್ಗೆಯೋ ಸಂಜೆಯೋ, ಫ್ಯಾಟ್ ಎಷ್ಟು ಎಂದು ಚೀಟಿ ಕೊಡುತ್ತಾರೆ; ಬಯಾಪ್ಸಿ ಬಾಟಲಿಗೆ ಅಷ್ಟೂ ಇಲ್ಲ, ಸ್ವಾಮಿ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲೆಯಲ್ಲಿ ತಾವೇ ಅಧ್ಯಕ್ಷರು. ಬಯಾಪ್ಸಿ ಮಾಡುವವರೆಲ್ಲ ಬಫರ್ಡ್ ಫಾರ್ಮಲಿನ್ನನ್ನೇ ಬಳಸಬೇಕು, ಮಾಂಸ ತೆಗೆದ ಹೊತ್ತು ಮತ್ತು ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಬಾಟಲಿ ಮೇಲೆ ಬರೆಯಬೇಕು ಎಂದು ಸುತ್ತೋಲೆ ಹೊರಡಿಸಿ. ಖರ್ಚೇನೂ ದೊಡ್ಡದಲ್ಲ. ಹೊಸಕೋಟೆ, ನೆಲಮಂಗಲದ ಸರ್ಕಾರಿ ಆಸ್ಪತ್ರೆಗಳು ಈ ಕಾಯ್ದೆಯಡಿ ಬಾರದಿದ್ದರೂ ಅಲ್ಲಿಯೂ ಇದೇ ಕ್ರಮ ಜಾರಿಯಾಗುವಂತೆ ನೋಡಿಕೊಳ್ಳಿ. ಶನಿವಾರ, ಭಾನುವಾರ ಮಾದರಿ ಒಯ್ಯುವ ವ್ಯವಸ್ಥೆ ಇಲ್ಲದ ಕಡೆ ಶುಕ್ರವಾರ ಸಂಜೆ ಬಯಾಪ್ಸಿಯೇ ಬೇಡ. ಆಸ್ಪತ್ರೆಯ ಉಡಾಫೆಯಿಂದ ಮಾದರಿ ಕೆಟ್ಟರೆ ಎರಡನೇ ಬಯಾಪ್ಸಿಯ ಬಿಲ್ಲನ್ನು ರೋಗಿಯ ತಲೆಗೆ ಕಟ್ಟಬಾರದೆಂದೂ ಅದರಲ್ಲೇ ಸೇರಿಸಿ.

ಇಂತಿ,
ನಿವೃತ್ತ ರೇಷ್ಮೆ ವಿಜ್ಞಾನಿ
ವಿಜಯಪುರ, ದೇವನಹಳ್ಳಿ ತಾಲ್ಲೂಕು