ಮಾತ್ರೆ ಕೊಟ್ಟರೆಂದರೆ ಕೈಬಿಟ್ಟರೆಂದಲ್ಲ

ಭೋರಿನಲ್ಲಿ ನಾನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನನ್ನಲ್ಲಿ ಅಡಿಗೆಯ ಕೆಲಸಕ್ಕಿದ್ದ, ಕುಂದಾಪುರದ ಕಡೆಯ ಗೃಹಸ್ಥರೊಬ್ಬರು ಕೆಲವು ತಿಂಗಳ ಹಿಂದೆ ಪತ್ರಿಕೆಯ ಕಚೇರಿಗೆ ಬಂದಿದ್ದರು. ಬಗಲಲ್ಲಿ ಒಂದು ಬಟ್ಟೆಯ ಚೀಲ; ಅದರಲ್ಲಿ ಆಸ್ಪತ್ರೆಯ ಕಾಗದಗಳು, ಸ್ಕ್ಯಾನಿನ ಚಿತ್ರಗಳು ಮತ್ತು ಸೀಲು ಒಡೆಯದ ಎರಡು ಮಾತ್ರೆಯ ಪೊಟ್ಟಣಗಳು. ಅವರ ಪತ್ನಿಗೆ ಸ್ತನದ ಕ್ಯಾನ್ಸರು. ಅದು ಬೆನ್ನೆಲುಬಿಗೂ ಸೊಂಟದ ಎಲುಬಿಗೂ ಹರಡಿದೆಯೆಂದು ಪುಣೆಯ ವೈದ್ಯರು ಹೇಳಿದ್ದರು. ಮಾತ್ರೆ ಬರೆದುಕೊಟ್ಟು 19 ದಿನಗಳಾಗಿದ್ದವು. ಆಕೆ ಒಂದನ್ನೂ ನುಂಗಿರಲಿಲ್ಲ.

"ಧನಿಗಳೇ, ಆಪರೇಶನ್ ಇಲ್ಲವಂತೆ. ಬರೇ ಗುಳಿಗೆ ಕೊಟ್ಟು ಕಳುಹಿಸಿದರು. ಅಂದರೆ ಕೈಬಿಟ್ಟ ಹಾಗೆಯೇ ಅಲ್ಲವೇ?" ಎಂದರು ಅವರು. ಊರಿನಲ್ಲಿರುವ ತುಂಡು ಗದ್ದೆಯನ್ನು ಮಾರಿ, ಕೊಯ್ದು ತೆಗೆಯುವ ವೈದ್ಯರನ್ನು ಹುಡುಕಬೇಕೆಂಬುದು ಅವರ ಯೋಚನೆ. ಗದ್ದೆಗೆ ಗಿರಾಕಿ ಸಿಗುವ ತನಕ ಮಾತ್ರೆ ಚೀಲದಲ್ಲಿತ್ತು.

ಈ ಪ್ರಶ್ನೆ ಅವರೊಬ್ಬರದಲ್ಲ. ದೊಡ್ಡ ಕಾಯಿಲೆಗೆ ದೊಡ್ಡ ಶಸ್ತ್ರಚಿಕಿತ್ಸೆ, ಸಣ್ಣ ಕಾಯಿಲೆಗೆ ಮಾತ್ರೆ ಎಂಬ ಲೆಕ್ಕ ನಮ್ಮೆಲ್ಲರ ತಲೆಯಲ್ಲಿಯೂ ಇದೆ. ಹರಡಿದ ಸ್ತನ ಕ್ಯಾನ್ಸರಿನ ವಿಷಯದಲ್ಲಿ ಈ ಲೆಕ್ಕ ತಪ್ಪು. ತಪ್ಪು ಮಾತ್ರವಲ್ಲ, ಅಪಾಯಕರ. ಆದುದರಿಂದಲೇ ಈ ವಿಷಯವನ್ನೆತ್ತಿಕೊಂಡಿದ್ದೇನೆ. ನಾನು ವೈದ್ಯನಲ್ಲ, ತಿಳಿದವರನ್ನು ಕೇಳಿ, ಓದಿ, ಅರ್ಥಮಾಡಿಕೊಂಡಷ್ಟನ್ನು ವಾಚಕರ ಮುಂದಿಡುತ್ತೇನೆ.

ಆಕೆಗೆ ಬಂದುದು ಲಾಬ್ಯುಲರ್ ಎಂಬ ಜಾತಿಯ ಕ್ಯಾನ್ಸರು. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಸ್ತನದ ಕ್ಯಾನ್ಸರುಗಳಲ್ಲಿ 100ಕ್ಕೆ 10ರಿಂದ 15ರಷ್ಟು ಈ ಜಾತಿಯವು. ಕೋಶಕ್ಕೆ ಕೋಶವನ್ನು ಅಂಟಿಸಿ ಹಿಡಿಯುವ ಇ-ಕ್ಯಾಡ್ಹೆರಿನ್ ಎಂಬ ಪದಾರ್ಥ ಈ ಕೋಶಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದಕಾರಣ ಅವು ಒಂದೆಡೆ ಗಂಟು ಕಟ್ಟದೆ, ಇರುವೆಗಳಂತೆ ಸಾಲುಸಾಲಾಗಿ ಹರಿಯುತ್ತವೆ. ಕೈಗೆ ಗಂಟು ಸಿಗದಿರಬಹುದು. ಮ್ಯಾಮೊಗ್ರಾಮ್ ಚಿತ್ರದಲ್ಲಿಯೂ ಎಷ್ಟೋ ವೇಳೆ ತಪ್ಪಿಹೋಗುತ್ತದೆ. ಸ್ತನದ ಒಂದು ಭಾಗ ದಪ್ಪಗಾಗುವುದು, ಚರ್ಮ ಒಳಕ್ಕೆಳೆದುಕೊಳ್ಳುವುದು, ತೊಟ್ಟು ಒಳಸರಿಯುವುದು, ಇಷ್ಟೇ ಗುರುತು ಇರಬಹುದು. ಹರಡುವಾಗ ಹೆಚ್ಚಾಗಿ ಎಲುಬಿಗೆ ಹೋಗುತ್ತದೆ. ಹೊಟ್ಟೆ, ಕರುಳು, ಅಂಡಾಶಯಗಳಿಗೆ ಹೋಗುವುದೂ ಈ ಜಾತಿಯಲ್ಲಿ ಹೆಚ್ಚು. ಈ ತಾಯಿಗೆ ಮೊದಲು ಬಂದುದು ಬೆನ್ನು ನೋವು. ರುಬ್ಬಿ, ನೀರು ಹೊತ್ತು ಬಂದ ನೋವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಕೊಂಡರು. ಅವರನ್ನು ದೂರುವಂತಿಲ್ಲ. ಗಂಟೇ ಇಲ್ಲದ ರೋಗವನ್ನು ಯಾರು ಶಂಕಿಸಿಯಾರು?

ಇನ್ನು ಕೊಯ್ಯುವ ಮಾತು. ಸಾಂಬಾರಿನಲ್ಲಿ ಬಿದ್ದ ಕಲ್ಲನ್ನು ಸೌಟಿನಿಂದ ತೆಗೆಯಬಹುದು. ಕರಗಿದ ಉಪ್ಪನ್ನು ತೆಗೆಯಲಾಗದು. ರೋಗ ಸ್ತನದಲ್ಲಷ್ಟೇ ಇದ್ದಾಗ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ, ಸಂದೇಹವಿಲ್ಲ. ಮೈಯೊಳಗೆ ಹರಡಿದ ಮೇಲೆ, ರಕ್ತ ಹೋಗುವಲ್ಲೆಲ್ಲ ಹೋಗಬಲ್ಲ ಔಷಧವೇ ಮುಖ್ಯ ಚಿಕಿತ್ಸೆ. ಇದು ನನ್ನ ಉಪಮೆಯ ಮಾತಲ್ಲ. ಮುಂಬಯಿಯ ಪರೇಲಿನಲ್ಲಿ 1941ರಿಂದ ನಡೆಯುತ್ತಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ರಾಜೇಂದ್ರ ಬಡವೆ ಮತ್ತವರ ಸಹೋದ್ಯೋಗಿಗಳು ಇದನ್ನೇ ಪರೀಕ್ಷಿಸಿ ನೋಡಿದರು. ಮೊದಲ ತಪಾಸಣೆಯಲ್ಲಿಯೇ ರೋಗ ಹರಡಿದ್ದು ಕಂಡಿದ್ದ 350 ಮಂದಿ ಸ್ತ್ರೀಯರಲ್ಲಿ ಕೆಲವರಿಗೆ ಔಷಧದ ಜೊತೆಗೆ ಸ್ತನದ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ, ಉಳಿದವರಿಗೆ ಔಷಧ ಮಾತ್ರ. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಕೊಯ್ಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಹುಣ್ಣಾಗಿ ರಕ್ತ ಸುರಿಯುವಂಥ ತೊಂದರೆಯಿದ್ದರೆ ಶಸ್ತ್ರಚಿಕಿತ್ಸೆ ಬೇಕಾದೀತು. ಎಲುಬಿನ ನೋವಿಗೆ ವಿಕಿರಣ ಒದಗೀತು. ಆದರೆ ಆಯುಷ್ಯ ಹೆಚ್ಚಿಸಲೆಂದು ಗದ್ದೆ ಮಾರಿ ಕೊಯ್ಸಬೇಕಾದುದಿಲ್ಲ. ಆ ಗದ್ದೆ ಉಳಿದರೆ ಔಷಧಕ್ಕಾದರೂ ಒದಗುತ್ತದೆ.

ಹಾಗಾದರೆ ಆ ಮಾತ್ರೆಗಳಲ್ಲೇನಿದೆ? ಲಾಬ್ಯುಲರ್ ಜಾತಿಯ ಹೆಚ್ಚಿನ ಕ್ಯಾನ್ಸರುಗಳು ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಉಂಡು ಬೆಳೆಯುವಂಥವು. 1896ರಷ್ಟು ಹಿಂದೆಯೇ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯರು, ಅಂಡಾಶಯಗಳನ್ನು ತೆಗೆದರೆ ಮುಂದುವರಿದ ಸ್ತನ ಕ್ಯಾನ್ಸರು ಕುಗ್ಗುವುದುಂಟೆಂದು ತೋರಿಸಿದ್ದರು. ಅಂದು ಚೂರಿಯಿಂದ ಆಗಬೇಕಿದ್ದ ಕೆಲಸವನ್ನು ಇಂದು ಲೆಟ್ರೊಜೋಲ್ ಎಂಬ 2.5 ಮಿಲಿಗ್ರಾಂ ಮಾತ್ರೆ, ಮುಟ್ಟು ನಿಂತ ಸ್ತ್ರೀಯರಲ್ಲಿ, ದಿನಕ್ಕೊಂದರಂತೆ ಮಾಡುತ್ತದೆ. ದೇಹದಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನೇ ತಡೆಯುತ್ತದೆ. ಮುಟ್ಟು ನಿಲ್ಲದವರಿಗೆ ಅಂಡಾಶಯವನ್ನು ಸುಮ್ಮನಿರಿಸುವ ಚುಚ್ಚುಮದ್ದೂ ಜೊತೆಗೆ ಬೇಕು. ಎರಡನೆಯ ಪೊಟ್ಟಣದಲ್ಲಿದ್ದುದು ಪಾಲ್ಬೊಸಿಕ್ಲಿಬ್. ಕ್ಯಾನ್ಸರಿನ ಕೋಶ ಒಂದು ಎರಡಾಗುವುದಕ್ಕೆ ಇದು ಅಡ್ಡಿಮಾಡುತ್ತದೆ. ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್ ಎಂಬವು ಇದೇ ವರ್ಗದ ಇನ್ನೆರಡು ಔಷಧಗಳು.

2016ರಲ್ಲಿ ಪ್ರಕಟವಾದ 666 ಸ್ತ್ರೀಯರ ಪರೀಕ್ಷೆಯಲ್ಲಿ, ಲೆಟ್ರೊಜೋಲ್ ಒಂದನ್ನೇ ಸೇವಿಸಿದವರಲ್ಲಿ ಅರ್ಧದಷ್ಟು ಮಂದಿಗೆ ರೋಗ ಮುಂದುವರಿಯದೆ ನಿಂತುದು 14.5 ತಿಂಗಳು, ಪಾಲ್ಬೊಸಿಕ್ಲಿಬ್ ಸೇರಿಸಿದವರಲ್ಲಿ 24.8 ತಿಂಗಳು. ಇದರಿಂದ ರೋಗ ನಿರ್ಮೂಲವಾಗುವುದೆಂದು ನಾನು ಹೇಳಲಾರೆ. ಹಾಗೆ ಹೇಳುವವರನ್ನು ನಂಬಬೇಡಿರಿ. ಆದರೆ ನೋವು ಇಳಿದು, ನಡೆದಾಡಿಕೊಂಡು, ಮನೆಯವರೊಡನೆ ಉಂಡುಟ್ಟು ಇರುವ ತಿಂಗಳುಗಳು, ಕೆಲವರಿಗೆ ಹಲವು ವರ್ಷಗಳು, ಈ ಮಾತ್ರೆಯಲ್ಲಿವೆ. ಅವನ್ನು ಚೀಲದಲ್ಲಿಟ್ಟುಕೊಂಡು ಕಳೆಯುವುದೇ? ಎಲ್ಲರಿಗೂ ಇದೇ ಔಷಧವೆಂದೂ ಇಲ್ಲ. ಯಕೃತ್ತು, ಶ್ವಾಸಕೋಶಗಳು ಕೆಡುವ ಸ್ಥಿತಿಯಲ್ಲಿದ್ದರೆ, ಅಥವಾ ಬಯಾಪ್ಸಿಯಲ್ಲಿ ಹಾರ್ಮೋನಿನ ಗುರುತು ಕಾಣದಿದ್ದರೆ, ವೈದ್ಯರು ಬೇರೆ ದಾರಿ ಹಿಡಿಯುತ್ತಾರೆ.

ಔಷಧವನ್ನು ಆರಂಭಿಸುವ ದಿನ ತಿಳಿದಿರಬೇಕಾದ ಕೆಲವು ಮಾತುಗಳಿವೆ. ಲೆಟ್ರೊಜೋಲ್ ನಿತ್ಯವೂ ತಪ್ಪದೆ. ಪಾಲ್ಬೊಸಿಕ್ಲಿಬ್ 21 ದಿನ ಸೇವಿಸಿ 7 ದಿನ ಬಿಡಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಲೇಸು. ಈ ಔಷಧದಿಂದ ಬಿಳಿ ರಕ್ತಕಣಗಳು ಇಳಿಯುತ್ತವೆ. ಆದಕಾರಣ ಮೊದಲ ಎರಡು ಸುತ್ತುಗಳಲ್ಲಿ ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆ. ಇದಕ್ಕಾಗಿ ಪ್ರತಿ ಸಲ ಪುಣೆಗೆ ಎಸ್‌.ಟಿ. ಹತ್ತಿ ಒಂದು ದಿನದ ಸಂಬಳ ಕಳೆದುಕೊಳ್ಳಬೇಕಾದುದಿಲ್ಲ. ಭೋರಿನಲ್ಲಿಯೇ ರಕ್ತ ಕೊಟ್ಟು ವರದಿಯನ್ನು ಫೋನಿನಲ್ಲಿ ಕಳುಹಿಸಬಹುದೇ ಎಂದು ವೈದ್ಯರನ್ನು ಕೇಳಿರಿ. 100.4 ಡಿಗ್ರಿ ದಾಟಿದ ಜ್ವರ ಬಂದರೆ ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಲೆಟ್ರೊಜೋಲಿನಿಂದ ಕೀಲು ನೋವು, ಮೈ ಬಿಸಿಯೇರುವುದು ಉಂಟು. ರೋಗ ಹೆಚ್ಚಿತೆಂದು ಹೆದರಿ ತಾವಾಗಿ ನಿಲ್ಲಿಸಬಾರದು. ಎಲುಬು ಗಟ್ಟಿಯಾಗಲೆಂದು ಚುಚ್ಚುಮದ್ದು ಕೊಡುವುದಾದರೆ ಅದಕ್ಕೆ ಮೊದಲೇ ಹಲ್ಲುಗಳನ್ನು ತೋರಿಸಿಕೊಳ್ಳಬೇಕು. ಕ್ಷಯದ ಔಷಧ, ಮೂರ್ಛೆಯ ಔಷಧ, ಊರಿನಿಂದ ತರಿಸಿದ ಕಷಾಯ, ಏನೇ ಇದ್ದರೂ ಮುಚ್ಚಿಡದೆ ಹೇಳಬೇಕು. ಕೆಲವು ಔಷಧಗಳು ಪಾಲ್ಬೊಸಿಕ್ಲಿಬ್‌ನ ಬಲವನ್ನೇ ಮುರಿಯುತ್ತವೆ.

ಬೆಲೆಯ ಮಾತು ಬಾರದೆ ಇರದು. ಪಾಲ್ಬೊಸಿಕ್ಲಿಬ್ ಮೇಲಿದ್ದ ಪೇಟೆಂಟ್ ನಮ್ಮ ದೇಶದಲ್ಲಿ 2023ರ ಜನವರಿಯಲ್ಲಿ ಮುಗಿಯಿತು. ಅನೇಕ ಕಂಪನಿಗಳು ಅದನ್ನು ತಯಾರಿಸತೊಡಗಿ ಬೆಲೆ ಬಹಳಷ್ಟು ಇಳಿಯಿತು. ಒಂದೇ ಔಷಧಕ್ಕೆ ಕಂಪನಿಗೊಂದು ಬೆಲೆಯಿರುವುದರಿಂದ, ಕಡಿಮೆ ಬೆಲೆಯದನ್ನು ಬರೆದುಕೊಡಿರೆಂದು ಕೇಳಲು ನಾಚಬಾರದು. ಅದೂ ಎಟುಕದಿದ್ದರೆ ಲೆಟ್ರೊಜೋಲ್ ಒಂದನ್ನಾದರೂ ಇಂದೇ ಆರಂಭಿಸಬಹುದೇ ಎಂದು ಕೇಳಬೇಕು. ಅದು ಅಗ್ಗದ ಮಾತ್ರೆ, ಆದರೆ ಚಿಕಿತ್ಸೆಯೇ ಹೌದು. ದುಬಾರಿಯದು ಸಿಗುವ ತನಕ ಅಗ್ಗದ್ದನ್ನೂ ಬಿಟ್ಟು ಕುಳಿತುಕೊಳ್ಳುವುದು ಸಲ್ಲದು. ಊರಿಗೆ ಹೋಗಿ ಮನೆಯವರ ಆರೈಕೆಯಲ್ಲಿರಬೇಕೆನ್ನುವವರು ಇಲ್ಲಿ ಆರಂಭಿಸಿ, ಬಯಾಪ್ಸಿಯ ಕಾಗದಗಳನ್ನೆಲ್ಲ ಹಿಡಿದುಕೊಂಡು ಹೋಗಿ, ಅಲ್ಲಿಯ ವೈದ್ಯರಲ್ಲಿ ಮುಂದುವರಿಸಬಹುದು.

ಇಷ್ಟನ್ನು ತಿಳಿದುಕೊಂಡ ಮೇಲೆ ನಾನು ಅಡಿಗೆಯವರನ್ನು ಒಂದು ಮಾತು ಕೇಳಿದೆ: "ಇದನ್ನೆಲ್ಲ ನಿಮ್ಮ ಮನೆಯವರಿಗೆ ಹೇಳಿದ್ದಾರೆಯೇ?" ವೈದ್ಯರು ಮರಾಠಿಯಲ್ಲಿ ಗಂಡನಿಗೆ ಹೇಳಿದ್ದರು, ಗಂಡ ಹೆಂಡತಿಗೆ ಹೇಳಿರಲಿಲ್ಲ. "ಹೆಂಗಸರನ್ನು ಯಾಕೆ ಹೆದರಿಸುವುದು" ಎಂದು. ಆಕೆಗೆ ತಿಳಿದಿದ್ದುದು ಬೆನ್ನು ನೋವು ಮಾತ್ರ. ಪರಿಚಯದ ಗುಮಾಸ್ತರೊಬ್ಬರು ಅರ್ಧ ದಿನದ ರಜೆ ಹಾಕಿ ದಂಪತಿಗಳೊಡನೆ ಆಸ್ಪತ್ರೆಗೆ ಹೋಗಿ, ವೈದ್ಯರ ಮಾತನ್ನು ಕನ್ನಡದಲ್ಲಿ ಆಕೆಗೆ ತಿಳಿಸಿದರು. ಎಲ್ಲವನ್ನೂ ಕೇಳಿಕೊಂಡು ಆ ತಾಯಿ ಗಂಡನ ಕಡೆ ತಿರುಗಿ, "ಹಾಗಾದರೆ ಇಷ್ಟು ದಿನ ಎಂತಕ್ಕೆ ಚೀಲದಲ್ಲಿಟ್ಟುಕೊಂಡಿರಿ?" ಎಂದರಂತೆ. ಅಂದು ರಾತ್ರಿ ಊಟವಾದ ಮೇಲೆ ಮೊದಲ ಮಾತ್ರೆ ನುಂಗಿದರು. ಹೆದರಿದ್ದವರು ಯಾರೆಂಬುದನ್ನು ವಾಚಕರೇ ನಿರ್ಣಯಿಸಲಿ. ಗುಮಾಸ್ತ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಇಂಗ್ಲಿಷು ಮರಾಠಿ ಓದಬಲ್ಲ ನಿಮ್ಮ ಅರ್ಧ ದಿನ ಒಂದು ಸಂಸಾರಕ್ಕೆ ಹತ್ತೊಂಬತ್ತು ದಿನಗಳನ್ನು ಉಳಿಸಬಲ್ಲದು.

ಕೊನೆಯದಾಗಿ ಮಾಲಕರ ಮಾತು. ಅದನ್ನು ನನ್ನಿಂದಲೇ ಆರಂಭಿಸಬೇಕು. 1948ರ ಕಾಯಿದೆಯಿಂದ ಹುಟ್ಟಿದ ನೌಕರರ ರಾಜ್ಯ ವಿಮಾ ಯೋಜನೆಗೆ, ಅಂದರೆ ನಾವು ಇ.ಎಸ್‌.ಐ. ಎನ್ನುವುದಕ್ಕೆ, ಹತ್ತು ಅಥವಾ ಹೆಚ್ಚು ಜನರಿರುವ ಹೋಟೆಲುಗಳು ಸೇರುತ್ತವೆ. ಅದರಲ್ಲಿ ಕಾರ್ಮಿಕನಿಗಷ್ಟೇ ಅಲ್ಲ, ಅವನ ಹೆಂಡತಿ ಮಕ್ಕಳಿಗೂ ವೈದ್ಯಕೀಯ ನೆರವುಂಟು. ವೇತನದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರಲ್ಲಿ ವಂತಿಗೆಯನ್ನು ಇಳಿಸಿದಾಗ ನೂರು ರೂಪಾಯಿ ವೇತನಕ್ಕೆ ಮಾಲಕನ ಪಾಲು ಮೂರೂಕಾಲು ರೂಪಾಯಿ, ನೌಕರನದು ಮುಕ್ಕಾಲು ರೂಪಾಯಿ. ಭೋರಿನ ನನ್ನ ಹೋಟೆಲಿನಲ್ಲಿ ಹದಿಮೂರು ಜನ ದುಡಿಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು. ಪುಸ್ತಕದಲ್ಲಿಲ್ಲದ ನಾಲ್ವರಲ್ಲಿ ಈ ಅಡಿಗೆಯವರೂ ಒಬ್ಬರು. ಎಲ್ಲರೂ ಹೀಗೆಯೇ ಮಾಡುತ್ತಾರೆಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬಳಿಕ ಹೆದ್ದಾರಿಯ ಪಕ್ಕದ ಹೋಟೆಲೊಂದಕ್ಕೆ ಸೇರಿದ ಅವರಿಗೆ ಅಲ್ಲಿಯೂ ಕಾರ್ಡು ಆಗಲಿಲ್ಲ. ರೋಗ ಬಂದ ಮೇಲೆ ಹೆಸರು ಬರೆಸಿದರೆ ಸಾಲದು. ದೊಡ್ಡ ಚಿಕಿತ್ಸೆಗೆ ಇಷ್ಟು ಕಾಲ ವಂತಿಗೆ ಸಂದಿರಬೇಕೆಂಬ ನಿಯಮವಿದೆ. ನಾನು ಉಳಿಸಿದ ಮೂರೂಕಾಲು ರೂಪಾಯಿಗಳನ್ನು ಇಂದು ಅವರು ಗದ್ದೆಯಿಂದ ತೀರಿಸಬೇಕಾಗಿದೆ. ಅವರ ಔಷಧಕ್ಕೆ ನಾನು ಪ್ರತಿ ತಿಂಗಳು ನನ್ನಿಂದಾದುದನ್ನು ಕೊಡುತ್ತಿದ್ದೇನೆ. ಅದು ದಾನವಲ್ಲ, ಬಾಕಿ.

ಪುಣೆಯಿಂದ ಬೆಂಗಳೂರಿಗೆ ಹೋಗುವ ಈ ಹೆದ್ದಾರಿಯ ಉದ್ದಕ್ಕೂ ನಮ್ಮವರ ಹೋಟೆಲುಗಳಿವೆ. ಅವುಗಳ ಮಾಲಕರು ಇಂದು ರಾತ್ರಿ ಗಲ್ಲೆಯ ಲೆಕ್ಕ ಮುಗಿಸಿದ ಬಳಿಕ ಹಾಜರಿ ಪುಸ್ತಕವನ್ನೊಮ್ಮೆ ತೆರೆದು, ಅಡಿಗೆಮನೆಯಲ್ಲಿರುವ ತಲೆಗಳೆಷ್ಟು, ಪುಸ್ತಕದಲ್ಲಿರುವ ಹೆಸರುಗಳೆಷ್ಟು ಎಂದು ಎಣಿಸಿ ನೋಡಲಿ. ಕಾರ್ಮಿಕ ಬಂಧುಗಳು ತಮ್ಮ ಹೆಸರು ಅದರಲ್ಲಿದೆಯೇ ಎಂದು ಕೇಳಲಿ. ಮತ್ತು ಯಾರ ಮನೆಯಲ್ಲಾದರೂ ಇಂಥ ಪೊಟ್ಟಣವೊಂದು ಸೀಲು ಒಡೆಯದೆ ಬಿದ್ದಿದ್ದರೆ, ಅದನ್ನೂ ಮನೆಯಾಕೆಯನ್ನೂ ಕರೆದುಕೊಂಡು ನಾಳೆಯೇ ವೈದ್ಯರಲ್ಲಿಗೆ ಹೋಗಲಿ.